ಜಿಎಂಸಿ ಪತ್ರ ಬಂದಾಗ ಬಿಎಂಎ ಡಾಕ್ಟರ್ ಸಪೋರ್ಟ್ ಸರ್ವೀಸ್ ಎಷ್ಟರ ಮಟ್ಟಿಗೆ ಆಸರೆ?

ಬ್ರಿಟನ್ನಿನಲ್ಲಿ ಕೆಲಸ ಮಾಡುವ ವೈದ್ಯರ ಮೇಲೆ, ಅವರ ನೋಂದಣಿ ಮತ್ತು ಶಿಸ್ತು ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ (ಜಿಎಂಸಿ) ವಿಚಾರಣೆ ಶುರುವಾದಾಗ, ಇನ್ನೊಬ್ಬ ವೈದ್ಯರು ಮಾತಿಗೆ ಸಿಗುವ ವ್ಯವಸ್ಥೆ ಡಾಕ್ಟರ್ ಸಪೋರ್ಟ್ ಸರ್ವೀಸ್. ನಡೆಸುವುದು ವೈದ್ಯರ ಸಂಘವಾದ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ (ಬಿಎಂಎ), ಹಣ ಕೊಡುವುದು ಜಿಎಂಸಿ. 2012ರಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಬಿಎಂಎ ಸದಸ್ಯತ್ವ ಬೇಕಿಲ್ಲ, ಶುಲ್ಕವಿಲ್ಲ. ಹುಬ್ಬಳ್ಳಿಯಲ್ಲೋ ಮೈಸೂರಲ್ಲೋ ಎಂಬಿಬಿಎಸ್ ಮುಗಿಸಿ, ಹೊರದೇಶದ ವೈದ್ಯರಿಗಿರುವ ಪ್ಲ್ಯಾಬ್ ಪರೀಕ್ಷೆ ಬರೆದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಸೇರಿದ ನಮ್ಮವರು, ದೂರು ಬಂದಿದೆ ಎಂಬ ಜಿಎಂಸಿ ಪತ್ರ ಬರುವ ಮೊದಲೇ ಈ ಹೆಸರನ್ನು ತಿಳಿದಿಟ್ಟುಕೊಳ್ಳಬೇಕು. ಕೊಡುತ್ತೇನೆ ಅಂದದ್ದನ್ನು ಈ ಸೇವೆ ಕೊಡುತ್ತದೆ. ಅದರಿಂದ ಬೇರೆ ಏನನ್ನೋ ನಿರೀಕ್ಷಿಸಿ ಹೋದವರಿಗೆ ಮಾತ್ರ ತೊಂದರೆ.

ಸಿಗುವುದು ಮಾನಸಿಕ ಬೆಂಬಲ. ಜಿಎಂಸಿಯ ಹಂತಗಳು ಯಾವ ಕ್ರಮದಲ್ಲಿ ಬರುತ್ತವೆ ಎಂಬ ಪರಿಚಯವೂ ಸಿಗುತ್ತದೆ. ಕಾನೂನು ಸಲಹೆ ಸಿಗುವುದಿಲ್ಲ, ಉತ್ತರ ಬರೆದುಕೊಡುವುದಿಲ್ಲ, ಜಿಎಂಸಿಯ ಮುಂದೆ ನಿಮ್ಮ ಪರವಾಗಿ ಮಾತಾಡುವುದೂ ಇಲ್ಲ. ಹೆಚ್ಚಿನದೆಲ್ಲ ಫೋನಿನಲ್ಲೇ ನಡೆಯುತ್ತದೆ. ವಿಚಾರಣೆಯ ದಿನ ಜೊತೆಗೆ ಬಂದು ಕೂರುವ ಏರ್ಪಾಡೂ ಇದೆ. ಎಷ್ಟು ದಿನ ಬರಲು ಸಾಧ್ಯ ಎಂಬುದನ್ನು ಇವರ ಜೊತೆ ಮಾತಾಡುವಾಗ ಆರಂಭದಲ್ಲೇ ಕೇಳಿಟ್ಟುಕೊಳ್ಳಿ. ವಿಚಾರಣೆಗಳು ವಾರಗಟ್ಟಲೆ ಎಳೆಯುವುದುಂಟು, ಕೊನೆಯ ದಿನದವರೆಗೂ ಯಾರೋ ಪಕ್ಕದಲ್ಲಿರುತ್ತಾರೆ ಎಂದುಕೊಳ್ಳಬೇಡಿ.

ಪತ್ರ ಬಂದಾಗ ನಿಮ್ಮ ಮೊದಲ ಕರೆ ಮಾತ್ರ ಇವರಿಗೆ ಹೋಗಬಾರದು. ಅದು ಹೋಗಬೇಕಾದ್ದು ಸದಸ್ಯ ವೈದ್ಯರಿಗೆ ಕಾನೂನು ನೆರವು ಕೊಡುವ ನಿಮ್ಮ ಮೆಡಿಕಲ್ ಡಿಫೆನ್ಸ್ ಸಂಸ್ಥೆಗೆ: ಎಂಡಿಯು, ಎಂಪಿಎಸ್, ಎಂಡಿಡಿಯುಎಸ್, ಯಾವುದರಲ್ಲಿ ಸದಸ್ಯರೋ ಅದಕ್ಕೆ. ಹೊಸದಾಗಿ ಬಂದವರು ಎಡವುವುದು ಇಲ್ಲೇ. ಆಸ್ಪತ್ರೆ ನಡೆಸುವ ಎನ್‌ಎಚ್‌ಎಸ್ ಟ್ರಸ್ಟ್ ಕೊಡುವ ರಕ್ಷಣೆ ರೋಗಿಗಳು ಹೂಡುವ ಪರಿಹಾರದ ದಾವೆಗಳಿಗೆ ಮಾತ್ರ. ಜಿಎಂಸಿ ವಿಚಾರಣೆಯಲ್ಲಿ ನಿಮಗೊಬ್ಬ ವಕೀಲರನ್ನು ಅದು ಕೊಡುವುದಿಲ್ಲ. 'ಟ್ರಸ್ಟ್ ನೋಡಿಕೊಳ್ಳುತ್ತದೆ' ಎಂದು ಸದಸ್ಯತ್ವದ ದುಡ್ಡು ಉಳಿಸಿದವರು, ಪತ್ರ ಬಂದ ಮೇಲೆ ಸಂಸ್ಥೆ ಸೇರಿದರೂ ಹಳೆಯ ಘಟನೆಗೆ ನೆರವು ಸಿಗದು. ಸಹವೈದ್ಯರ ಸಾಂತ್ವನ ಎಷ್ಟೇ ಚೆನ್ನಾಗಿದ್ದರೂ ಆ ಕಂದಕವನ್ನು ಮುಚ್ಚಲಾರದು. ಈ ಪರಿಚಯದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಬ್ರಿಟನ್ನಿನಲ್ಲಿ ಕೆಲಸಕ್ಕೆ ಸೇರುವ ಮೊದಲ ದಿನವೇ ಡಿಫೆನ್ಸ್ ಸಂಸ್ಥೆಯ ಸದಸ್ಯತ್ವ ಕೈಯಲ್ಲಿರಬೇಕು.

ಎರಡನೆಯ ಕರೆ ಡಾಕ್ಟರ್ ಸಪೋರ್ಟ್ ಸರ್ವೀಸ್‌ಗೆ. ಏನು ಮಾತಾಡಬೇಕು ಎಂಬುದರ ಮೇಲೆ ಈ ಸೇವೆಯ ಉಪಯೋಗವೆಲ್ಲ ನಿಂತಿದೆ. ವಕೀಲರ ಜೊತೆಗಿನ ಮಾತಿಗೆ ಕಾನೂನಿನ ರಕ್ಷಣೆಯಿದೆ, ಅದನ್ನು ಬಿಚ್ಚಿಡಿ ಎಂದು ಯಾರೂ ಒತ್ತಾಯಿಸುವಂತಿಲ್ಲ. ಬೆಂಬಲಕ್ಕೆ ಸಿಗುವ ವೈದ್ಯರ ಜೊತೆಗಿನ ಮಾತು ಗೌಪ್ಯವಾಗಿದ್ದರೂ ಆ ರಕ್ಷಣೆ ಅದಕ್ಕಿಲ್ಲ. ಅವರೂ ಜಿಎಂಸಿಯಲ್ಲಿ ನೋಂದಾಯಿತ ವೈದ್ಯರಾಗಿದ್ದರೆ, ರೋಗಿಗಳ ಸುರಕ್ಷತೆಗೆ ಧಕ್ಕೆಯಿದೆ ಅನ್ನಿಸಿದಾಗ ತಿಳಿಸಬೇಕಾದ ಹೊಣೆ ಅವರಿಗೂ ಇರುತ್ತದೆ. ಆದ್ದರಿಂದ ಆ ರಾತ್ರಿ ವಾರ್ಡಿನಲ್ಲಿ ನಡೆದದ್ದೇನು, ಯಾವ ಡೋಸ್ ಬರೆದಿರಿ, ಯಾರು ಯಾರಿಗೆ ಏನಂದರು ಎಂಬುದನ್ನು ವಕೀಲರಿಗಾಗಿ ಎತ್ತಿಡಿ. ನಿದ್ದೆ ಬರುತ್ತಿಲ್ಲ, ಪೋಸ್ಟ್‌ಮ್ಯಾನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ, ಊರಲ್ಲಿ ಅಪ್ಪನಿಗೆ ಹೇಗೆ ಹೇಳಲಿ, ನಾಳೆ ಕ್ಲಿನಿಕ್ಕಿನಲ್ಲಿ ಕೈ ನಡುಗಿದರೇನು ಗತಿ, ಇಂಥವನ್ನೆಲ್ಲ ಇಲ್ಲಿ ಧಾರಾಳವಾಗಿ ಹೇಳಬಹುದು. ಹೇಳಲೂ ಬೇಕು. ಅದೇ ವಾರ್ಡಿನ ಗೆಳೆಯರ ಹತ್ತಿರ ಇದನ್ನು ಹೇಳಲಾಗದು, ನಾಳೆ ಅವರೇ ಸಾಕ್ಷಿಗಳಾಗಬಹುದು. ಕಾಲೇಜ್ ಬ್ಯಾಚಿನ ವಾಟ್ಸ್ಯಾಪ್ ಗುಂಪಂತೂ ಬೇಡವೇ ಬೇಡ.

ಪತ್ರ ಬಂದ ವಾರದಲ್ಲೇ ಈ ಸೇವೆಯಿಂದ ದೊಡ್ಡ ಪ್ರಯೋಜನ. ಆಗ ಮನುಷ್ಯನಿಗೆ ಏನಾದರೂ ಮಾಡಿಬಿಡಬೇಕು ಅನ್ನಿಸುತ್ತದೆ, ಮಾಡುವುದೆಲ್ಲ ತಪ್ಪಾಗುತ್ತದೆ. ದೂರು ಕೊಟ್ಟವರಿಗೆ ಫೋನ್ ಮಾಡುವುದು, ಹಳೆಯ ಕೇಸ್ ಶೀಟಿಗೆ ಈಗ ಒಂದು ಸಾಲು ಸೇರಿಸುವುದು, ರಾತ್ರಿ ಎರಡು ಗಂಟೆಗೆ ಕೂತು ಜಿಎಂಸಿಗೆ ಆರು ಪುಟದ ಸಮರ್ಥನೆ ಕಳಿಸುವುದು. ಮೂಲ ದೂರು ಸಣ್ಣದಿದ್ದರೂ ಕೇಸ್ ಶೀಟ್ ತಿದ್ದಿದ್ದು ಬೆಳಕಿಗೆ ಬಂದರೆ ಅದು ಪ್ರಾಮಾಣಿಕತೆಯ ಪ್ರಶ್ನೆಯಾಗಿ ಲೈಸೆನ್ಸಿಗೇ ಕುತ್ತು. ಮೊದಲ ಪತ್ರದ ಹಂತದಲ್ಲಿ ದೂರಿಗೆ ಉತ್ತರ ಕೊಡಲೇಬೇಕು ಎಂದೇನಿಲ್ಲ. ಎಲ್ಲೆಲ್ಲಿ ಕೆಲಸ ಮಾಡುತ್ತಿದ್ದೀರಿ ಎಂಬ ವಿವರವನ್ನು ಮಾತ್ರ ಕೊಡಲೇಬೇಕು, ಬಚ್ಚಿಟ್ಟರೆ ಅದೇ ಬೇರೆ ಸಮಸ್ಯೆಯಾಗುತ್ತದೆ. ದಾರಿ ಬಲ್ಲವರೊಬ್ಬರು ಆ ದಿನ ನಿಮ್ಮನ್ನು ಕೀಬೋರ್ಡಿನಿಂದ ದೂರ ಇಟ್ಟರೆ ಸಾಕು, ಸೇವೆ ಸಾರ್ಥಕ.

ಮುಂದೆ ಆರೋಪಗಳ ಕರಡು ಮತ್ತು ಸಾಕ್ಷ್ಯದ ಕಟ್ಟು ಒಟ್ಟಿಗೆ ಬರುತ್ತವೆ. ರೂಲ್ ಏಳರ ಪತ್ರ ಎನ್ನುವುದು ಇದನ್ನೇ. ಉತ್ತರಕ್ಕೆ 28 ದಿನ. ಅದನ್ನು ಓದಿ ಒಬ್ಬ ವೈದ್ಯ, ಒಬ್ಬ ವೈದ್ಯೇತರ, ಹೀಗೆ ದೂರಿನ ಮುಂದಿನ ಹೆಜ್ಜೆ ತೀರ್ಮಾನಿಸುವ ಇಬ್ಬರು ಕೇಸ್ ಎಕ್ಸಾಮಿನರ್‌ಗಳು ಕ್ರಮವಿಲ್ಲದೆ ಮುಗಿಸಬಹುದು, ಸಲಹೆ ಅಥವಾ ಎಚ್ಚರಿಕೆ ಕೊಡಬಹುದು, ಷರತ್ತುಗಳಿಗೆ ಒಪ್ಪಿಸಬಹುದು, ವಾದ ಕೇಳಿ ತೀರ್ಪು ಕೊಡುವ ಟ್ರಿಬ್ಯುನಲ್‌ಗೆ ಕಳಿಸಬಹುದು. ಆ ಕಟ್ಟನ್ನು ಓದುವುದೇ ಒಂದು ಹಿಂಸೆ. ಸಿಟ್ಟಿನಲ್ಲಿ ಓದಿದವರ ಉತ್ತರದಲ್ಲಿ ಸಿಟ್ಟೇ ಕಾಣುತ್ತದೆ, ಎಕ್ಸಾಮಿನರ್‌ಗಳು ಹುಡುಕುವುದು ತನ್ನ ತಪ್ಪಿನ ಅರಿವು ಮತ್ತು ತಿದ್ದಿಕೊಂಡ ಗುರುತನ್ನು. ಓದುವ ಮೊದಲೊಮ್ಮೆ, ಓದಿದ ಮೇಲೊಮ್ಮೆ ಬೆಂಬಲದ ವೈದ್ಯರ ಜೊತೆ ಮಾತಾಡುವಂತೆ ಸಮಯ ಗೊತ್ತುಮಾಡಿಕೊಳ್ಳಿ.

ನಡುವೆ, ತೀರ್ಪಿಗೆ ಮೊದಲೇ ತಾತ್ಕಾಲಿಕ ಆದೇಶ ಕೊಡುವ ಇಂಟರಿಮ್ ಆರ್ಡರ್ಸ್ ಟ್ರಿಬ್ಯುನಲ್ ಬಂದರೆ ನೋಟಿಸಿನ ಅವಧಿ ತೀರಾ ಕಡಿಮೆ. ಅಲ್ಲಿ ಸತ್ಯಾಸತ್ಯದ ತೀರ್ಮಾನ ಆಗುವುದಿಲ್ಲ. ಅಪಾಯವಿದೆಯೇ ಎಂದಷ್ಟೇ ನೋಡಿ 18 ತಿಂಗಳವರೆಗೆ ಷರತ್ತು ಅಥವಾ ಅಮಾನತು ಹಾಕಬಹುದು. 'ಆಗಲೇ ತಪ್ಪಿತಸ್ಥ ಎಂದು ಬರೆದುಬಿಟ್ಟರು' ಎಂದು ಕುಸಿಯುವವರು ಇಲ್ಲಿ ಹೆಚ್ಚು. ಆ ವಾರ ಕರೆ ತಪ್ಪಿಸಬೇಡಿ.

ಅಂತಿಮ ಟ್ರಿಬ್ಯುನಲ್ ನಡೆಯುವುದು ಮ್ಯಾಂಚೆಸ್ಟರ್‌ನಲ್ಲಿ, ಇಲ್ಲವೇ ಆನ್‌ಲೈನ್‌ನಲ್ಲಿ. ಮೊದಲು ನಡೆದದ್ದೇನು, ಆಮೇಲೆ ವೃತ್ತಿಯೋಗ್ಯತೆಗೆ ಕುಂದಿದೆಯೇ, ಕೊನೆಗೆ ಶಿಕ್ಷೆ ಏನು, ಹೀಗೆ ಮೂರು ಘಟ್ಟ. ಆರೋಗ್ಯದ ವಿಷಯ ಬಿಟ್ಟರೆ ಕಲಾಪ ಸಾಮಾನ್ಯವಾಗಿ ಬಹಿರಂಗ, ಪತ್ರಕರ್ತರೂ ಕೂತಿರಬಹುದು. ತೀರ್ಪು ಅಂತರ್ಜಾಲದಲ್ಲಿ ಪ್ರಕಟವಾಗುತ್ತದೆ, ದಾವಣಗೆರೆಯಲ್ಲಿ ಕೂತವರೂ ಓದಬಹುದು. ಮನೆಯವರಿಗೆ ಯಾವಾಗ, ಎಷ್ಟು ಹೇಳಬೇಕು ಎಂಬುದನ್ನು ಬೆಂಬಲದ ವೈದ್ಯರ ಜೊತೆ ಮೊದಲೇ ಮಾತಾಡಿಕೊಂಡರೆ ಆ ದಿನದ ಭಾರ ಸ್ವಲ್ಪ ಇಳಿಯುತ್ತದೆ.

ಜಿಎಂಸಿಯ ದುಡ್ಡಲ್ಲಿ ನಡೆಯುವ ಸೇವೆಯನ್ನು ನಂಬಬಹುದೇ ಎಂಬ ಅನುಮಾನ ಸಹಜ. ಹಣ ಜಿಎಂಸಿಯದಾದರೂ ಸೇವೆ ಸ್ವತಂತ್ರ, ನಿಮ್ಮ ಮಾತು ತನಿಖಾಧಿಕಾರಿಗೆ ಹೋಗುವುದಿಲ್ಲ. ಆದರೂ ಸಂಶಯಕ್ಕೆ ಕಾರಣವಿದೆ. 2014ರಲ್ಲಿ ಜಿಎಂಸಿಯೇ ಪ್ರಕಟಿಸಿದ ವರದಿಯ ಪ್ರಕಾರ 2005ರಿಂದ 2013ರ ನಡುವೆ ವಿಚಾರಣೆಯಲ್ಲಿದ್ದಾಗ ತೀರಿಕೊಂಡ 114 ವೈದ್ಯರಲ್ಲಿ 28 ಮಂದಿಯದು ಆತ್ಮಹತ್ಯೆ ಅಥವಾ ಆತ್ಮಹತ್ಯೆಯ ಶಂಕೆ. 2019ರ ಇನ್ನೊಂದು ವರದಿ, ಆಸ್ಪತ್ರೆಗಳು ಜಿಎಂಸಿಗೆ ದೂರು ಕಳಿಸುವಾಗ ಬಿಳಿಯರಲ್ಲದ ವೈದ್ಯರ ಪ್ರಮಾಣ ಬಿಳಿಯರ ಎರಡರಷ್ಟಕ್ಕಿಂತ ಹೆಚ್ಚು ಎಂದು ತೋರಿಸಿತು. ಈ ಎರಡು ಸಂಖ್ಯೆಗಳನ್ನು ಓದಿದ ಮೇಲೆ, ಹೊರದೇಶದಲ್ಲಿ ಕಲಿತ ವೈದ್ಯರೇ ಬೆಂಬಲಕ್ಕೆ ಬೇಕು ಎಂದು ಕೇಳಲು ಯಾರೂ ಸಂಕೋಚಪಡಬಾರದು. ಸಿಗದಿದ್ದರೆ, ಬ್ರಿಟನ್ನಿನ ಭಾರತೀಯ ಮೂಲದ ವೈದ್ಯರ ಸಂಘವಾದ ಬಾಪಿಯೊದ ಬಾಗಿಲನ್ನೂ ತಟ್ಟಬಹುದು.

ಕೊರತೆಗಳೂ ಇವೆ. ಕಾಯಿಲೆಗೆ ಇದು ಚಿಕಿತ್ಸೆಯಲ್ಲ. ಖಿನ್ನತೆ, ಕುಡಿತ ಶುರುವಾಗಿದ್ದರೆ 2008ರಲ್ಲಿ ಲಂಡನ್ನಿನಲ್ಲಿ ಶುರುವಾಗಿ ಆಮೇಲೆ ಇಂಗ್ಲೆಂಡಿಗೆ ಹರಡಿದ, ವೈದ್ಯರಿಗೆ ಚಿಕಿತ್ಸೆ ಕೊಡುವ ಸೇವೆಯಾದ ಪ್ರಾಕ್ಟೀಷನರ್ ಹೆಲ್ತ್‌ಗೆ ನೀವೇ ನೇರವಾಗಿ ಹೆಸರು ಕೊಡಬಹುದು. ನಡುರಾತ್ರಿಯ ಆಸರೆಯೂ ಇದಲ್ಲ, ಬದುಕು ಸಾಕು ಅನ್ನಿಸಿದ ಕ್ಷಣದಲ್ಲಿ ಸಮಾರಿಟನ್ಸ್ ಸಹಾಯವಾಣಿಯ 116 123ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಿ. ವೀಸಾ ವಿಷಯದಲ್ಲೂ ಇವರಿಂದ ನೆರವಿಲ್ಲ. ಅಮಾನತಾಗಿ ಕೆಲಸ ಹೋದರೆ ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಸಾಮಾನ್ಯವಾಗಿ ಸಿಗುವುದು 60 ದಿನ, ವಲಸೆ ವಕೀಲರನ್ನು ಮೊದಲೇ ಕಂಡಿರಬೇಕು.

ತೀರ್ಪು ಬಂದ ಮೇಲೆ ಹೆಚ್ಚಿನವರು ಕರೆ ನಿಲ್ಲಿಸಿಬಿಡುತ್ತಾರೆ, ಅದು ತಪ್ಪು. ಹೈಕೋರ್ಟಿಗೆ ಮೇಲ್ಮನವಿಗೆ 28 ದಿನ, ಶಿಕ್ಷೆಯಾಗಿ ಅಮಾನತಾದರೆ ಒಂದು ಸಲಕ್ಕೆ 12 ತಿಂಗಳವರೆಗೆ, ನೋಂದಣಿಯಿಂದ ಹೆಸರೇ ಅಳಿಸಿಹೋದರೆ ಮತ್ತೆ ಅರ್ಜಿ ಹಾಕಲು 5 ವರ್ಷ. ಆ ಅವಧಿಯಲ್ಲಿ ಎಲ್ಲಿಯವರೆಗೆ ಜೊತೆಗಿರುತ್ತಾರೆ ಎಂದು ತೀರ್ಪಿನ ಹಿಂದಿನ ದಿನವೇ ಕೇಳಿ, ಮುಂದಿನ ಕರೆಯ ತಾರೀಕು ಬರೆದಿಟ್ಟುಕೊಳ್ಳಿ.