ಒಂದೇ ಸೋರಿಕೆಗೆ ಮೂರು ಕೈ

ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ಮನೆ 1996ರದು. ಕಳೆದ ಆಗಸ್ಟಿನಲ್ಲಿ ಅಡುಗೆಮನೆಯ ಚಾವಣಿಯಲ್ಲಿ ತಟ್ಟೆಯಗಲ ತೇವ ಕಾಣಿಸಿತು. ಅದರ ಮೇಲಿರುವುದು ಮಹಡಿಯ ಬಚ್ಚಲುಮನೆ. ಹದಿನೈದು ದಿನಕ್ಕೆ ಹನಿ ತೊಟ್ಟಿಕ್ಕತೊಡಗಿತು. ನಾಲ್ಕು ತಿಂಗಳಲ್ಲಿ ಈ ಒಂದು ಸೋರಿಕೆಗೆ ಮೂರು ಬಗೆಯ ಕೆಲಸದವರು ಬಂದುಹೋದರು. ಮೊದಲು ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿದ ಹುಡುಗ, ಆಮೇಲೆ ವಾಟರ್‌ಪ್ರೂಫಿಂಗ್ ಕಂಪನಿ, ಕೊನೆಗೆ ಹಾರ್ಡ್‌ವೇರ್ ಅಂಗಡಿಯವರು ಹೇಳಿಕಳಿಸಿದ, ಅರವತ್ತರ ಆಸುಪಾಸಿನ ಪ್ಲಂಬರ್.

ಹೇಳಿದ ಹೊತ್ತಿಗೆ ಬರುವುದು, ರೇಟು ಮೊದಲೇ ತಿಳಿಸುವುದು, ರಸೀದಿ ಕೊಡುವುದು, ಇವಿಷ್ಟೇ ಮುಖ್ಯವಾದರೆ ಆ್ಯಪ್ ಹುಡುಗನೇ ಮೊದಲು. ಹತ್ತು ಗಂಟೆ ಅಂದರೆ ಹತ್ತಕ್ಕೇ ಬಂದ, ಚಪ್ಪಲಿ ಹೊರಗೆ ಬಿಟ್ಟ. ಟೈಲ್ಸ್ ಸಂದುಗಳಿಗೆ ವೈಟ್ ಸಿಮೆಂಟ್ ತುಂಬಿ, ನಲ್ಲಿಯ ಬುಡಕ್ಕೆ ಸಿಲಿಕೋನ್ ಅಂಟು ಹಚ್ಚಿ, ಮುಕ್ಕಾಲು ಗಂಟೆಯಲ್ಲಿ ಮುಗಿಸಿದ. 1,100 ರೂಪಾಯಿ. ಹನ್ನೊಂದನೇ ದಿನ ಮತ್ತೆ ಹನಿ. ಅವನನ್ನು ಬೈಯಲು ನನಗೆ ಮನಸ್ಸಿಲ್ಲ. ಕೆಲಸದ ನಡುವೆಯೇ ಮುಂದಿನ ಮನೆಯಿಂದ ಎರಡು ಸಲ ಫೋನ್ ಬಂತು. ಸೋರಿಕೆ ಎಲ್ಲಿದೆಯೆಂದು ಹುಡುಕುವಷ್ಟು ಹೊತ್ತನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ.

ಕಂಪನಿಯವರು ಗೋಡೆಗೆ ತೇವ ಅಳೆಯುವ ಯಂತ್ರ ಹಿಡಿದರು. ಬಚ್ಚಲಿನ ನೆಲವನ್ನೆಲ್ಲ ಒಡೆದು ಹೊಸದಾಗಿ ಮಾಡಬೇಕು, 48,000 ಆಗುತ್ತದೆ ಎಂದರು. ನಾನು ಹಿಂಜರಿದಾಗ ‘ಹಾಗಾದರೆ ಎಪಾಕ್ಸಿ ಗ್ರೌಟ್ ಮಾಡಿಸಿ’ ಎಂದು, ಅಂದರೆ ಟೈಲ್ಸ್ ಸಂದುಗಳಿಗೆ ನೀರಿಳಿಯದ ರಾಳದ ಅಂಟು ತುಂಬುವ ಕೆಲಸಕ್ಕೆ, 9,500ಕ್ಕೆ ಇಳಿದರು. ಕೆಲಸವೇನೋ ಅಚ್ಚುಕಟ್ಟು, ಸಂದುಗಳು ಗೆರೆ ಎಳೆದಂತಿವೆ. ಆದರೆ ಹನಿ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ಮೂರನೆಯವರು ಬಂದದ್ದು ಹೇಳಿದ ದಿನಕ್ಕಲ್ಲ, ಎರಡು ದಿನ ತಡವಾಗಿ. ಫೋನ್ ಎತ್ತುತ್ತಿರಲಿಲ್ಲ. ನನಗೆ ಸಿಟ್ಟೂ ಬಂದಿತ್ತು. ಬಂದವರು ಉಪಕರಣದ ಚೀಲ ಬಿಚ್ಚಲೇ ಇಲ್ಲ. ‘ಹನಿ ಯಾವಾಗ ಬೀಳುತ್ತಮ್ಮಾ? ಸ್ನಾನ ಆದಮೇಲೋ, ಯಾವಾಗಲೂನೋ?’ ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಇದನ್ನು ಕೇಳಿರಲಿಲ್ಲ.

ಮೊದಲ ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿಸಿ ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಗುರುತು ಹಾಕಿದರು. ಬೆಳಿಗ್ಗೆ ನೀರು ಇಳಿದಿರಲಿಲ್ಲ, ಅಂದರೆ ನೀರು ಬರುವ ಪೈಪು ಸರಿಯಿದೆ. ಆಮೇಲೆ ಬಚ್ಚಲಿನ ಜಾಲರಿಯ ಕೆಳಗಿರುವ ಟ್ರ್ಯಾಪಿನೊಳಕ್ಕೆ (ಕೊಳೆನೀರು ಹೊರಹೋಗುವ ಬಾಗಿದ ಕೊಳವೆ) ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಲ್ಲಿ ಕದಡಿ ಸುರಿದರು. ಮಾರನೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿಟ್ಟ ಪಾತ್ರೆಯಲ್ಲಿ ನೀಲಿ ಹನಿ! ಟ್ರ್ಯಾಪಿನ ಸುತ್ತಲಿನ ಗಾರೆ ಬಿಟ್ಟುಕೊಂಡಿತ್ತು. ಹಳೆಯ ಬಚ್ಚಲುಗಳಲ್ಲಿ ಸ್ಲ್ಯಾಬನ್ನು ತಗ್ಗಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ನೆಲ ಹಾಕಿರುತ್ತಾರೆ. ಸೋರಿದ ನೀರು ಆ ಚೂರಿನ ನಡುವೆ ನಿಂತು ಎಲ್ಲೋ ಒಂದು ಕಡೆ ದಾರಿ ಮಾಡಿಕೊಳ್ಳುತ್ತದೆ. ಹನಿ ಬೀಳುವ ಜಾಗದ ನೇರಕ್ಕೇ ಮೇಲೆ ತೂತಿರಬೇಕೆಂದೇನಿಲ್ಲ. ಹಾಗೇ ಬಿಟ್ಟರೆ ಸ್ಲ್ಯಾಬಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟನ್ನೇ ಸೀಳುತ್ತದೆ.

ಒಡೆದದ್ದು ನಾಲ್ಕೇ ಟೈಲ್ಸು. ಡ್ರಿಲ್ ಮೆಷಿನ್ ತರಲಿಲ್ಲ, ‘ಅದುರಿದರೆ ಚೆನ್ನಾಗಿರೋ ಜಾಯಿಂಟೂ ಬಿಟ್ಕೊಳ್ಳುತ್ತೆ’ ಎಂದು ಸಣ್ಣ ಉಳಿ, ಸುತ್ತಿಗೆಯಲ್ಲೇ ಒಂದು ದಿನವಿಡೀ ಕೂತು ಬಿಡಿಸಿದರು. ಟ್ರ್ಯಾಪ್ ಬದಲಾಯಿಸಿ, ಸುತ್ತ ಗಾರೆ ತುಂಬಿ, ವಾಟರ್‌ಪ್ರೂಫ್ ಲೇಪ ಎರಡು ಸಲ ಬಳಿದರು: ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಒಣಗಿದ ಮೇಲೆ ಎರಡು ದಿನ ನೀರು ನಿಲ್ಲಿಸಿ ನೋಡಿಯೇ ಟೈಲ್ಸ್ ಹಾಕಿದ್ದು.

ಟೈಲ್ಸ್ ವಿಷಯ ನನಗೆ ಇವತ್ತಿಗೂ ಮರೆಯಲಾಗದು. ಆ ಬಣ್ಣ ಈಗ ಅಂಗಡಿಯಲ್ಲಿಲ್ಲ. ಯಾವುದಾದರೂ ಹಾಕಿ ಎಂದೆ ನಾನು. ಅವರು ಒಪ್ಪಲಿಲ್ಲ. ಬಾಗಿಲ ಹಿಂದಿದ್ದ ನಾಲ್ಕು ಹಳೆಯ ಟೈಲ್ಸನ್ನು ಮುಕ್ಕಾಗದಂತೆ ಎಬ್ಬಿಸಿ ತಂದು ನಡುವೆ ಕೂರಿಸಿ, ಹೊಸದನ್ನು ಬಾಗಿಲ ಹಿಂದೆ ಹಾಕಿದರು. ಅರ್ಧ ದಿನ ಹೆಚ್ಚು ಹಿಡಿಯಿತು, ಅದಕ್ಕೆ ಕೂಲಿ ಕೇಳಲಿಲ್ಲ. ‘ದಿನಾ ಕಣ್ಣಿಗೆ ಬೀಳೋ ಜಾಗ ಅಲ್ವೇನಮ್ಮಾ’ ಅಂದರು, ಅಷ್ಟೆ. ಸೋರುತ್ತಿದ್ದ ನಲ್ಲಿಯನ್ನೂ ತೋರಿಸಿದೆ. ಹೊಸ ನಲ್ಲಿ ಬೇಡ ಎಂದು ವಾಷರ್ ಮಾತ್ರ ಬದಲಿಸಿದರು.

ಒಟ್ಟು 6,250 ರೂಪಾಯಿ, ಅದರಲ್ಲಿ ಸಾಮಾನಿಗೆ ಆದ 2,350ಕ್ಕೆ ಅಂಗಡಿಯ ಚೀಟಿ ಕೈಗಿಟ್ಟರು. ಕೂಲಿಗೆ ರಸೀದಿ ಇಲ್ಲ, ವಾರಂಟಿ ಕಾಗದವೂ ಇಲ್ಲ. ಮನೆ ಆರು ದಿನ ಧೂಳು. ಆಫೀಸಿಗೆ ಹೋಗುವವರಿಗೆ ಇದು ನಿಜವಾಗಿಯೂ ಕಷ್ಟ. ನಲ್ಲಿ ಕೂರಿಸಲು, ಗೀಸರ್ ತಗುಲಿಸಲು ನಾನು ಈಗಲೂ ಆ್ಯಪ್‌ನಲ್ಲೇ ಕರೆಸುತ್ತೇನೆ. ಕಾರಣ ಗೊತ್ತಿಲ್ಲದ ಸೋರಿಕೆಗೆ ಮಾತ್ರ ಕರೆಸುವುದಿಲ್ಲ. ನೀಲಿ ನೀರಿನ ಪರೀಕ್ಷೆಯನ್ನು ಯಾರೇ ಆಗಲಿ ಕೆಲಸದವರನ್ನು ಕರೆಯುವ ಮೊದಲೇ ಮಾಡಿ ನೋಡಬಹುದು, ಒಂದಿಷ್ಟು ನೀಲಿ ಸಾಕು.

ಆ ಪ್ಲಂಬರ್ ಹೊರಡುವಾಗ, ‘ಒಳಗೆ ನಿಂತಿರೋ ನೀರು ಇಳಿಯೋಕೆ ಇನ್ನೂ ಮೂರು ವಾರ ಬೇಕು, ಅಲ್ಲೀವರೆಗೆ ಚಾವಣಿಗೆ ಪೇಂಟ್ ಹೊಡಿಸಬೇಡಿ’ ಎಂದು ಎಚ್ಚರಿಸಿದರು. ಹದಿನೆಂಟನೇ ದಿನಕ್ಕೆ ಒಣಗಿತು. ನೆಲ ಮುಚ್ಚುವ ಮುನ್ನ ಪೈಪುಗಳ ಮೇಲೆ ಅಳತೆ ಪಟ್ಟಿ ಇಟ್ಟು ನನ್ನ ಮೊಬೈಲಿನಲ್ಲೇ ಫೋಟೋ ತೆಗೆಸಿದ್ದರು. ಮುಂದೆ ಯಾರೇ ಬಂದರೂ ಇದನ್ನು ತೋರಿಸಿ, ಎಲ್ಲಿ ಒಡೆಯಬಾರದು ಅಂತ ಅವರಿಗೆ ಗೊತ್ತಾಗಲಿ ಎಂದಿದ್ದರು. ಅದನ್ನು ಪ್ರಿಂಟ್ ಹಾಕಿಸಿ ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇನೆ.