ದೊಡ್ಡ ಗಡಿಯಾರದಿಂದ ಚಿಕ್ಕ ಗಡಿಯಾರಕ್ಕೆ ಎರಡೂವರೆ ಗಂಟೆ

ಮೊದಲೇ ಹೇಳಿಬಿಡುತ್ತೇನೆ, ಈ ಪಾರಂಪರಿಕ ನಡಿಗೆಗೆ ನಾನು ಇಷ್ಟಪಟ್ಟು ಹೋದವನಲ್ಲ. ಮಗಳು ಇಬ್ಬರ ಹೆಸರು ಬರೆಸಿ, ತಲೆಗೆ 200 ರೂಪಾಯಿಯಂತೆ ಕಟ್ಟಿಬಿಟ್ಟಿದ್ದಳು. ಭಾನುವಾರ ಬೆಳಗ್ಗೆ ಆರೂವರೆಗೆ ಎಬ್ಬಿಸಿ, "ಅಪ್ಪ, ದುಡ್ಡು ವಾಪಸ್ ಬರಲ್ಲ" ಅಂದಳು. ಕಂಟ್ರಾಕ್ಟರನ್ನು ಹಾಸಿಗೆಯಿಂದ ಎಬ್ಬಿಸಲು ಅಷ್ಟು ಸಾಕು.

ನಾನು ಮೈಸೂರಿನಲ್ಲಿ ಮನೆ ಕಟ್ಟಿಸಿಕೊಡುವವನು. 24 ವರ್ಷವಾಯಿತು. ಹಳೇ ಕಟ್ಟಡ ನೋಡಿದರೆ ನನ್ನ ತಲೆಯಲ್ಲಿ ಓಡುವ ಲೆಕ್ಕವೇ ಬೇರೆ. ಒಡೆಯಲು ಎಷ್ಟು ದಿನ, ಮಣ್ಣು ಸಾಗಿಸಲು ಎಷ್ಟು ಲೋಡು, ತೇಗದ ತೊಲೆ ಮಾರಿದರೆ ಎಷ್ಟು ಬರುತ್ತದೆ. ಇಂಥವನು ಬರೆದ ವಿಮರ್ಶೆ ಇದು, ಹಾಗೇ ಓದಿಕೊಳ್ಳಿ.

ಗುಂಪಿನ ಹೆಸರು ಹಾಕುತ್ತಿಲ್ಲ. ಹುಳುಕನ್ನೂ ಬರೆಯುವವನಿದ್ದೇನೆ, ಅದಕ್ಕೆ. ಆಫೀಸು, ಬೋರ್ಡು ಏನೂ ಇಲ್ಲದ ಊರಿನವರದೇ ಗುಂಪು. ನಿವೃತ್ತ ಬ್ಯಾಂಕಿನವರೊಬ್ಬರು, ಇಬ್ಬರು ಕಾಲೇಜು ಹುಡುಗರು, ನಡಿಗೆ ನಡೆಸಿಕೊಡುವ ಒಬ್ಬ ಶಾಲಾ ಟೀಚರ್. ತಿಂಗಳ ಎರಡನೇ ಭಾನುವಾರ ದೊಡ್ಡ ಗಡಿಯಾರದ ಕೆಳಗೆ ನಿಂತಿರುತ್ತಾರೆ. ಟೀಚರ್ ಕೈಯಲ್ಲಿ ಹಳೇ ಫೋಟೋಗಳ ದಪ್ಪ ಫೈಲು ಇರುತ್ತದೆ, ಗುರುತು ಸಿಗುತ್ತದೆ.

ಏಳು ಗಂಟೆ ಅಂದಿದ್ದರು. ಹೊರಟಿದ್ದು ಏಳೂವರೆಗೆ. ಬೆಂಗಳೂರಿನಿಂದ ಬರುತ್ತಿದ್ದ ದಂಪತಿಗೆ ಕಾದೆವು. ಗಡಿಯಾರದ ಕೆಳಗೇ ನಿಂತು ಅರ್ಧ ಗಂಟೆ ತಡ! ಮೊದಲ ಅರ್ಧ ನಕ್ಷತ್ರ ಅಲ್ಲೇ ಕಳೆದೆ.

ಕಾಯುವಾಗ ಮಾಡಲು ಬೇರೆ ಕೆಲಸವಿಲ್ಲದೆ ಗಡಿಯಾರವನ್ನು ಸರಿಯಾಗಿ ನೋಡಿದೆ. ಹುಟ್ಟಿದಾಗಿನಿಂದ ಇದರ ಪಕ್ಕದಲ್ಲೇ ಓಡಾಡಿದ್ದೇನೆ. ಅಂಕಿಗಳು ಕನ್ನಡದವು ಅಂತ ಗೊತ್ತಿತ್ತು. 75 ಅಡಿಯ ಈ ಗೋಪುರವನ್ನು ಯಾರು ಕಟ್ಟಿಸಿದ್ದು ಅಂತ ಗೊತ್ತಿರಲಿಲ್ಲ. ಮಹಾರಾಜರೇ ಇರಬೇಕು ಅಂದುಕೊಂಡಿದ್ದೆ. ಅಲ್ಲವಂತೆ. 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಅರಮನೆ ನೌಕರರು ಚಂದಾ ಹಾಕಿ ಕಟ್ಟಿಸಿದ್ದಂತೆ. ಅಂದರೆ ಸಂಬಳದ ಜನ ಜೇಬಿನಿಂದ ಕೊಟ್ಟದ್ದು. ನನ್ನ 200 ರೂಪಾಯಿಯ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು.

ಅಲ್ಲಿಂದ ಟೌನ್‌ಹಾಲ್. 1884ರ ಕಟ್ಟಡ, ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಕಟ್ಟಿದ್ದು. ಟೀಚರ್ ಚೆನ್ನಾಗಿಯೇ ಹೇಳಿದರು, ಆದರೆ ಕೇಳಿಸಿದ್ದು ಮುಂದೆ ನಿಂತ ಹತ್ತು ಜನಕ್ಕೆ. ನಾವು 26 ಜನ ಇದ್ದೆವು. ಮೈಕ್ ಇಲ್ಲ, ಪಕ್ಕದಲ್ಲಿ ಬಸ್ಸುಗಳ ಹಾರ್ನು. ಹಿಂದಿದ್ದ ನಾವು ಸುಮ್ನೆ ಕಮಾನು ಎಣಿಸಿಕೊಂಡು ನಿಂತೆವು. ಒಂದು ಚಿಕ್ಕ ಸ್ಪೀಕರ್ ಕೊಂಡರೆ ಮುಗಿಯುವ ಸಮಸ್ಯೆ ಇದು. ಇಲ್ಲವೇ 15 ಜನಕ್ಕೆ ನಿಲ್ಲಿಸಿ.

ಲ್ಯಾನ್ಸ್‌ಡೌನ್ ಕಟ್ಟಡದ ಮುಂದೆ ಯಾರಿಗೂ ಮೈಕ್ ಬೇಕಾಗಲಿಲ್ಲ. ಎಲ್ಲರೂ ತಾವಾಗಿ ಸುಮ್ಮನಾದರು. 1892ರ ಕಟ್ಟಡ. ವೈಸ್‌ರಾಯ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದದ್ದರ ನೆನಪಿಗೆ ಆ ಹೆಸರು. ನನಗೆ ಮಾತ್ರ ಅದು ಸೆಕೆಂಡ್ ಹ್ಯಾಂಡ್ ಪುಸ್ತಕದ ಸಾಲು. ಪಿಯುಸಿ ಪುಸ್ತಕಗಳನ್ನು ಅಲ್ಲೇ ಕೊಂಡು, ಪರೀಕ್ಷೆ ಮುಗಿದ ವಾರ ಅಲ್ಲೇ ಮಾರಿದವನು ನಾನು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಆಮೇಲೆ ಅಂಗಡಿ ಖಾಲಿ ಮಾಡಿಸಿದರು.

ಆ ವರ್ಷ ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಹಳೇದಾಗಿತ್ತು, ಬಿತ್ತು. ನಾನೂ ಅದೇ ಅಂದಿದ್ದೆ. ಈ ನಡಿಗೆಯಲ್ಲಿ ಟೀಚರ್ ಕೂಡ ಸುಮಾರು ಅದನ್ನೇ ಅಂದರು, ವಯಸ್ಸಾಗಿತ್ತು ಅಂತ. ಅಲ್ಲಿ ನನಗೆ ಬಾಯಿ ತಡೆಯಲಾಗಲಿಲ್ಲ. ಅರಮನೆಗೂ ನೂರು ದಾಟಿದೆಯಲ್ಲ ಮೇಡಂ, ಅದೇಕೆ ಬೀಳಲಿಲ್ಲ ಅಂದೆ. ಮಗಳು ಮೊಣಕೈಯಿಂದ ತಿವಿದಳು. ಟೀಚರ್ ಮಾತ್ರ ಬೇಜಾರು ಮಾಡಿಕೊಳ್ಳದೆ, "ನೀವೇ ಹೇಳಿ ಸರ್" ಅಂದರು. ಹೇಳಿದೆ.

ಈ ಊರಿನ ಅಂದಿನ ಕಟ್ಟಡಗಳಿಗೆ ಮದ್ರಾಸ್ ತಾರಸಿ ಇರುತ್ತದೆ. ಮರದ ತೊಲೆ, ಅದರ ಮೇಲೆ ತೆಳು ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸುವುದು. ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣ. ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಬಡಿಯುತ್ತಾ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುವುದು. ಕಬ್ಬಿಣವಿಲ್ಲ, ಸಿಮೆಂಟಿಲ್ಲ. ಈ ತಾರಸಿಗೆ ವೈರಿ ಅಂದರೆ ನಿಂತ ನೀರು. ನೀರು ಹೋಗುವ ದೋಣಿಯಲ್ಲಿ ಒಂದು ಹಿಡಿ ಎಲೆ ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದೆ. ಗೋಡೆಯೊಳಗೆ ಹೂತ ತೊಲೆಯ ತುದಿ ಯಾರಿಗೂ ಕಾಣದೆ ಕೊಳೆಯುತ್ತದೆ. ಸಂದಿಯಲ್ಲಿ ಕಾಗೆ ಹಾಕಿದ ಅರಳಿ ಬೀಜ ಮೊಳೆತು, ಬೇರು ಬಿಟ್ಟು ಗೋಡೆ ಸೀಳುತ್ತದೆ. ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಇಬ್ಬರು ಆಳು ಏಣಿ ಹಾಕಿ ಹತ್ತಿ ಎಲೆ ತೆಗೆದು ಗಿಡ ಕಿತ್ತರೆ ಇದರಲ್ಲಿ ಮುಕ್ಕಾಲು ಪಾಲು ಆಗುವುದೇ ಇಲ್ಲ. ಎರಡು ದಿನದ ಕೂಲಿ, ಅಷ್ಟೇ.

ಇನ್ನೊಂದು ವೈರಿ ನಾನು. ಇದನ್ನು ಅಲ್ಲಿ ಅಷ್ಟು ಜನದ ಮುಂದೆ ಹೇಳಲಿಲ್ಲ, ಇಲ್ಲಿ ಹೇಳುತ್ತೇನೆ. 2009ರಲ್ಲಿ ಅಗ್ರಹಾರದಲ್ಲಿ ಒಂದು ತೊಟ್ಟಿಮನೆಯ ರಿಪೇರಿ ಒಪ್ಪಿಕೊಂಡಿದ್ದೆ. ಗೋಡೆಯ ಹಳೇ ಗಾರೆ ಉದುರುತ್ತಿತ್ತು. ಎಲ್ಲ ಕೆರೆಸಿ, ಒಳ್ಳೇ ಸಿಮೆಂಟಿನಲ್ಲಿ ಪ್ಲಾಸ್ಟರಿಂಗ್ ಮಾಡಿಸಿ, ಪ್ಲಾಸ್ಟಿಕ್ ಪೇಂಟ್ ಹೊಡೆಸಿದೆ. ಗೃಹಪ್ರವೇಶಕ್ಕೆ ನಿಂತ ಹೊಸ ಮನೆಯ ಹಾಗೆ ಕಾಣಿಸಿತು. ನಮ್ಮ ಹಳೇ ಮೇಸ್ತ್ರಿ ಆವತ್ತೇ ಹೇಳಿದ್ದರು: "ಸ್ವಾಮಿ, ಸುಣ್ಣದ ಗೋಡೆ ಉಸಿರಾಡ್ತದೆ, ಮೂಗು ಮುಚ್ಚಬೇಡಿ." ನಾನು ನಕ್ಕೆ. ಎರಡು ಮಳೆಗಾಲ ಕಳೆಯಿತು. ನೆಲದಿಂದ ಏರಿದ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ನಿಂತು, ಪ್ಲಾಸ್ಟರ್ ಹಪ್ಪಳದ ಹಾಗೆ ಉಬ್ಬಿ ಬಂತು. ಜೊತೆಗೆ ಒಳಗಿನ ಇಟ್ಟಿಗೆಯೂ ಪುಡಿಯಾಗಿತ್ತು. ಮನೆಯವರು ಆಮೇಲೆ ಅದನ್ನು ಒಡೆಸಿ ಮೂರಂತಸ್ತು ಎಬ್ಬಿಸಿದರು. ಅದರ ಕಂಟ್ರಾಕ್ಟು ನನಗೆ ಕೊಡಲಿಲ್ಲ, ಸರಿಯಾಗಿಯೇ ಮಾಡಿದರು.

ಆಮೇಲೆ ದೇವರಾಜ ಮಾರ್ಕೆಟ್. ಕೊಟ್ಟ ದುಡ್ಡು ಇಲ್ಲಿ ವಸೂಲಿ. ಹತ್ತನೇ ಚಾಮರಾಜ ಒಡೆಯರ ಕಾಲದ ಮಾರುಕಟ್ಟೆ, ಒಳಗೆ 800ಕ್ಕೂ ಹೆಚ್ಚು ಅಂಗಡಿ. ಬೆಳಗ್ಗೆ ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಹೂವು ಬರುತ್ತದೆ. ಮಲ್ಲಿಗೆ, ಕಾಕಡ, ಸೇವಂತಿಗೆ. ಗುಡ್ಡೆ ಹಾಕಿದ ಕುಂಕುಮ, ಚಿಗುರೆಲೆಯ ಕಟ್ಟು, ಅದೃಷ್ಟವಿದ್ದರೆ ನಿಜವಾದ ನಂಜನಗೂಡು ರಸಬಾಳೆ. ಬೆಂಗಳೂರಿನ ದಂಪತಿ ಕುಂಕುಮದ ಗುಡ್ಡೆಯ ಫೋಟೋ ತೆಗೆದು ತೆಗೆದು ಗುಂಪಿನಿಂದಲೇ ಕಳೆದುಹೋದರು. ಮತ್ತೆ ಹತ್ತು ನಿಮಿಷ ಕಾದೆವು.

ಇಲ್ಲಿ ಟೀಚರ್ ಒಂದು ಒಳ್ಳೇ ಕೆಲಸ ಮಾಡಿದರು. ತಾವು ಮಾತು ನಿಲ್ಲಿಸಿ, ಹೂವಿನ ಅಂಗಡಿಯ ಅಜ್ಜಿಯೊಬ್ಬರ ಮುಂದೆ ನಮ್ಮನ್ನು ನಿಲ್ಲಿಸಿದರು. ಅಜ್ಜಿಯ ಅತ್ತೆಯ ಕಾಲದಿಂದ ಆ ಜಾಗ. 2016ರ ಆಗಸ್ಟ್‌ನಲ್ಲಿ ಉತ್ತರದ ಕಡೆಯ ಬಾಗಿಲಿನ ಭಾಗ ಕುಸಿದಾಗ ಜೀವ ಹೋಗಲಿಲ್ಲ, ಆದರೆ ಜೀವ ಬಾಯಿಗೆ ಬಂತು ಅಂದರು. ಆವತ್ತಿನಿಂದ ಒಡೆದು ಹೊಸದು ಕಟ್ಟಬೇಕು ಅನ್ನುವವರು ಒಂದು ಕಡೆ, ರಿಪೇರಿ ಮಾಡಿ ಉಳಿಸಿ ಅನ್ನುವವರು ಒಂದು ಕಡೆ. ಬಾಡಿಗೆದಾರರ ಸಂಘ, ಪರಂಪರೆಯ ಕಾಳಜಿಯವರು, ಸಮಿತಿಗಳು, ಕೋರ್ಟು. "ಒಡೆದ್ರೆ ಹೊಸ ಕಟ್ಟಡ ಬರೋವರ್ಗೂ ನಾನಿರ್ತೀನೇನಪ್ಪಾ?" ಅಂತ ಅಜ್ಜಿ ನನ್ನನ್ನೇ ಕೇಳಿದರು. ಕಂಟ್ರಾಕ್ಟರ್ ಅಂತ ಮುಖದಲ್ಲೇ ಗೊತ್ತಾಗುತ್ತೋ ಏನೋ. ಒಂದು ಮಾರು ಮಲ್ಲಿಗೆ ಕೊಂಡೆ, ಚೌಕಾಸಿ ಮಾಡಲಿಲ್ಲ.

ಕಟ್ಟಡ ಉಳಿಸುವುದು ಅಂದರೆ ಸಹಿ ಸಂಗ್ರಹ, ಬ್ಯಾನರು, ಕೋರ್ಟು ಅಂತ ನಾನು ಅಂದುಕೊಂಡಿದ್ದೆ. ಅವು ಬೇಕು. ಆದರೆ ಮಾರ್ಕೆಟ್ಟಿನಲ್ಲಿ ಕತ್ತು ಎತ್ತಿ ನೋಡಿದರೆ, ಅಂಗಡಿಯವರು ತಾವೇ ಶೀಟು ಸಿಕ್ಕಿಸಿ, ಟಾರ್ಪಾಲು ಕಟ್ಟಿ, ಸೋರುವ ಕಡೆ ಡಬ್ಬ ಇಟ್ಟು ನಡೆಸುತ್ತಿರುವುದು ಕಾಣುತ್ತದೆ. ಕೆಲವು ಕಡೆ ಕಂಬದ ಬುಡಕ್ಕೆ ಸಿಮೆಂಟು ಮೆತ್ತಿದ್ದಾರೆ, ಪಾಪ, ಒಳ್ಳೇದಕ್ಕೇ. ಬೇಡ ಅಂತ ಹೇಳಬೇಕಾದವರು ಯಾರು? ಟೀಚರ್‌ಗೆ ಇಸವಿ ಗೊತ್ತು, ದಿವಾನರ ಹೆಸರು ಗೊತ್ತು. ಗಾರೆ ಗೊತ್ತಿಲ್ಲ. ನಮ್ಮ ಮೇಸ್ತ್ರಿಗೆ ಗಾರೆ ಗೊತ್ತು, ಅವರನ್ನು ಯಾರೂ ಕರೆಯುವುದಿಲ್ಲ. ಈ ನಡಿಗೆಯ ದೊಡ್ಡ ಕೊರತೆ ಮೈಕ್ ಅಲ್ಲ, ಇದು.

ನಡಿಗೆ ಚಿಕ್ಕ ಗಡಿಯಾರದ ಹತ್ತಿರ ಮುಗಿಯಿತು. 200 ರೂಪಾಯಿಯಲ್ಲಿ ತಿಂಡಿಯೂ ಸೇರಿತ್ತು. ಪಕ್ಕದ ಬೀದಿಯ ಒಂದು ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ, ಕಾಫಿ. ಇಡ್ಲಿ ಪರವಾಗಿಲ್ಲ. ಕಾಫಿ ಆರಿತ್ತು. ತಿಂಡಿಯ ಖರ್ಚು ಕಳೆದು ಉಳಿದದ್ದನ್ನು ಗುಂಪಿನವರು ಹಳೇ ಫೋಟೋ ಸ್ಕ್ಯಾನ್ ಮಾಡಿಸಲು ಬಳಸುತ್ತಾರೆ. ಲೆಕ್ಕದ ಪುಸ್ತಕ ಕೇಳಿದೆ, ಬ್ಯಾಂಕಿನವರು ಅಲ್ಲೇ ಚೀಲದಿಂದ ತೆಗೆದು ತೋರಿಸಿದರು. ಕೂಡಿ ನೋಡಿದೆ, ತಾಳೆಯಾಯಿತು.

ಹೋಗುವವರಿಗೆ ಒಂದೆರಡು ಮಾತು. ಟೋಪಿ ಇರಲಿ, ಒಂಬತ್ತಕ್ಕೇ ಬಿಸಿಲು ಜಾಸ್ತಿ. ಜಾರದ ಚಪ್ಪಲಿ ಹಾಕಿಕೊಳ್ಳಿ, ಮಾರ್ಕೆಟ್ ನೆಲ ಸದಾ ಒದ್ದೆ. ಎಂಟು ವರ್ಷದೊಳಗಿನ ಮಕ್ಕಳನ್ನು ಕರೆತರಬೇಡಿ, ಬೇಜಾರಾಗಿ ಅಳುತ್ತವೆ. ಮೊದಲ ಸಾಲಿನಲ್ಲಿ ನಿಲ್ಲಿ.

ಐದಕ್ಕೆ ಮೂರೂವರೆ ನಕ್ಷತ್ರ. ತಡಕ್ಕೆ ಅರ್ಧ, ಮೈಕಿಗೆ ಅರ್ಧ, ಕಾಫಿಗೆ ಅರ್ಧ ಕಡಿಮೆ. ಮೇಸ್ತ್ರಿ ಇಲ್ಲದ್ದಕ್ಕೆ ಕಳೆಯಲಿಲ್ಲ. ಯಾಕೆಂದರೆ ಹೊರಡುವಾಗ ಟೀಚರ್ ನನ್ನ ನಂಬರ್ ಬರೆದುಕೊಂಡು, ಮುಂದಿನ ತಿಂಗಳು ಲ್ಯಾನ್ಸ್‌ಡೌನ್ ಹತ್ತಿರ ಹತ್ತು ನಿಮಿಷ ನೀವೇ ಮಾತಾಡಿ ಅಂದರು. ಮೇಸ್ತ್ರಿಯನ್ನೇ ಕರೆತರುತ್ತೇನೆ ಅಂದೆ. ಮನೆಗೆ ಬಂದು ಅವರಿಗೆ ಫೋನ್ ಮಾಡಿದೆ. 78 ವರ್ಷ, ಮಂಡಿ ನೋವು. ಆದರೂ ಬರುತ್ತಾರಂತೆ, ಒಂದು ಬಕೆಟ್ ಅರಳಿಸಿದ ಸುಣ್ಣ ತರುತ್ತಾರಂತೆ, ಎಲ್ಲರೂ ಕೈಯಲ್ಲಿ ಮುಟ್ಟಿ ನೋಡಲಿ ಅಂತ. ಹಾಗಾದರೆ ನಮ್ಮಿಬ್ಬರಿಗೂ 200 ರೂಪಾಯಿ ಮಾಫಿ ತಾನೇ ಅಂತ ಬ್ಯಾಂಕಿನವರನ್ನು ಕೇಳಿದ್ದೇನೆ. ಮೇಸ್ತ್ರಿಗೆ ಮಾಫಿ, ನಿಮಗಿಲ್ಲ ಅಂದರು.