ಸೈಂಧವ, ಲೋ ಸೋಡಿಯಂ ಉಪ್ಪು, ನಡಿಗೆ: ನನ್ನ ಬಿಪಿ ಇಳಿಸಿದ್ದು ಯಾವುದು?

ರಕ್ತದೊತ್ತಡ 138/88 ಬಂದಾಗ ವೈದ್ಯರು ಮಾತ್ರೆ ಬರೆಯಲಿಲ್ಲ. ಊಟ, ಓಡಾಟ ಸರಿಪಡಿಸಿಕೊಂಡು ಕೆಲವು ತಿಂಗಳ ಬಳಿಕ ಬನ್ನಿ ಎಂದರು. ಎಲ್ಲವನ್ನೂ ಒಟ್ಟಿಗೆ ಹಿಡಿದರೆ ಯಾವುದು ಫಲ ಕೊಟ್ಟಿತೆಂದು ತಿಳಿಯದು. ಹಾಗಾಗಿ ಒಂದೊಂದನ್ನೇ ಪಾಲಿಸಿ ನೋಡಿದೆ. ಅಳೆಯುವ ಕ್ರಮ ಮಾತ್ರ ಬದಲಿಸಲಿಲ್ಲ: ಬೆಳಗಿನ ಕಾಫಿಗೆ ಮೊದಲು, ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು.

ನಂಟರೆಲ್ಲ ಹೊಗಳಿದ್ದು ಸೈಂಧವ ಲವಣವನ್ನು. ಬಿಪಿ ಒಂದಿಷ್ಟೂ ಕದಲಲಿಲ್ಲ. ಕದಲುವುದಾದರೂ ಹೇಗೆ? ಬಣ್ಣ ಗುಲಾಬಿಯಾದರೂ ಅದು ಬಹುಪಾಲು ಸೋಡಿಯಂ ಕ್ಲೋರೈಡೇ. ಅಯೋಡಿನ್ ಸೇರಿಸದ ಪೊಟ್ಟಣವಾದರೆ ನಷ್ಟ ಬೇರೆ. ಇದನ್ನು ಬಿಪಿಗೆ ಮದ್ದೆಂದು ಮಾರುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲೋ ಸೋಡಿಯಂ ಉಪ್ಪು ಹಾಗಲ್ಲ. ಅದರಲ್ಲಿ ಸೋಡಿಯಂನ ಒಂದು ಪಾಲಿನ ಬದಲು ಪೊಟ್ಯಾಸಿಯಂ ಇರುತ್ತದೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಕಡಿಮೆಯಾಗಿತ್ತು. ನನಗೂ ತುಸು ಇಳಿಯಿತು. ಸಾರಿನಲ್ಲಿ ರುಚಿಯ ವ್ಯತ್ಯಾಸ ತಿಳಿಯಲಿಲ್ಲ, ಮಜ್ಜಿಗೆಯಲ್ಲಿ ಕೊಂಚ ಕಹಿ ಎನಿಸಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ಬಡಿತವೇ ಏರುಪೇರಾಗುತ್ತದೆ. ನಮ್ಮ ಅತ್ತೆಗೆ ಮೂತ್ರಪಿಂಡದ ತೊಂದರೆಯಿದೆ, ಅಡುಗೆ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ. ನನ್ನ ಪಾಲಿಗಷ್ಟೇ ಬೇರೆ ಉಪ್ಪು ಹಾಕಿಕೊಳ್ಳುವುದು ಬಹಳ ಕಾಲ ನಡೆಯಲಿಲ್ಲ.

ಹಾಗಾಗಿ ಉಪ್ಪನ್ನೇ ಕಡಿಮೆ ಮಾಡಿದೆ. ಅತಿ ಹೆಚ್ಚು ಇಳಿಸಿದ್ದು ಇದೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚವೂ ತುಂಬದಷ್ಟು. ನಮ್ಮ ಊಟದಲ್ಲಿ ಸಾರು, ಹುಳಿಯಲ್ಲಷ್ಟೇ ಅಲ್ಲ, ಪಕ್ಕದಲ್ಲಿ ಬಡಿಸಿಕೊಳ್ಳುವುದರಲ್ಲೂ ಉಪ್ಪು ಅಡಗಿದೆ: ಉಪ್ಪಿನಕಾಯಿ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಸಂಜೆಯ ಖಾರಾ ಬಿಸ್ಕತ್ತು. ಹಪ್ಪಳಕ್ಕಂತೂ ಉಪ್ಪಿನ ಜೊತೆ ಹಪ್ಪಳಖಾರವೂ ಬೀಳುತ್ತದೆ, ಅದರಲ್ಲೂ ಸೋಡಿಯಂ ಇದೆ. ಇವನ್ನು ಹಬ್ಬದೂಟಕ್ಕೆ ಮೀಸಲಿಟ್ಟೆ. ಮೊಸರನ್ನಕ್ಕೆ ಉಪ್ಪು ಬಿಟ್ಟು ಶುಂಠಿ, ಕರಿಬೇವಿನ ಒಗ್ಗರಣೆ ಕೊಟ್ಟೆ. ಕೋಸಂಬರಿಗೆ ನಿಂಬೆರಸ ಜಾಸ್ತಿ ಹಿಂಡಿದೆ. ಮೊದಮೊದಲು ಎಲ್ಲವೂ ಸಪ್ಪೆ. ಕೆಲವೇ ವಾರಗಳಲ್ಲಿ ನಾಲಿಗೆ ಒಗ್ಗಿತು. ಈಗ ಹೋಟೆಲಿನ ಸಾಂಬಾರು ಬಾಯಿಗಿಟ್ಟರೆ ಉಪ್ಪುಪ್ಪು.

ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯೂ ಇಳಿಸಿತು, ಆದರೆ ನಿಧಾನವಾಗಿ. ಮಳೆಗಾಲದಲ್ಲಿ ನಡಿಗೆ ತಪ್ಪಿದಾಗ ಬಿಪಿ ಮತ್ತೆ ಏರತೊಡಗಿತು. ನಿದ್ದೆ ಚೆನ್ನಾಗಿ ಬರಲಾರಂಭಿಸಿದ್ದು ಮಾತ್ರ ನಡಿಗೆಯಿಂದಲೇ.

ಈಗ ಕಡಿಮೆ ಉಪ್ಪು, ನಡಿಗೆ ಎರಡನ್ನೂ ಉಳಿಸಿಕೊಂಡಿದ್ದೇನೆ. ಬಿಪಿ 124/80ರ ಆಸುಪಾಸಿನಲ್ಲಿದೆ. ನನ್ನದು ಗಡಿಯಲ್ಲಿದ್ದ ಬಿಪಿ. 140/90 ದಾಟಿ ನಿಂತಿರುವವರು ವೈದ್ಯರನ್ನು ಕಾಣಲೇಬೇಕು, ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ತಾವಾಗಿಯೇ ನಿಲ್ಲಿಸಬಾರದು.